ಬಾಯಿ ಮುಚ್ಚಿದ ಸಾಕ್ಷಿಗಳು

"ಹೌದಾದ್ರೆ ಹೂಂ ಅನ್ನಿ, ಇಲ್ಲಾಂದ್ರೆ ಉಹೂಂ ಅನ್ನಿ. ಇಷ್ಟಾದ್ರೂ ಮಾಡ್ತೀರೋ, ಇಲ್ವೋ?"

ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟು ಕೇಳಿದಳು. ಉಡುಪು ಬದಲಿಸುವ ಕೋಣೆಯ ಗೋಡೆಗುಂಟ ಕೂತಿದ್ದ ಇಡೀ ಗಾಯನ ತಂಡ ಬಾಯಿ ಮುಚ್ಚಿಕೊಂಡೇ "ಹೂಂ" ಎಂದಿತು. ಹೆಂಗಸರದು ಮೇಲಿನ ದನಿ, ಗಂಡಸರದು ಕೆಳಗಿನ ದನಿ. ಎಲ್ಲರೂ ಒಟ್ಟಿಗೆ ಎತ್ತಿಕೊಂಡು ಒಟ್ಟಿಗೇ ನಿಲ್ಲಿಸಿದರು.

ಬೆಳಗಿನ ಅಭ್ಯಾಸದಲ್ಲಿ ಇಷ್ಟು ಚೆನ್ನಾಗಿ ಹಾಡಿದ್ದರೆ ಮೇಷ್ಟ್ರು ಅಷ್ಟೊಂದು ಬೈಯುತ್ತಿರಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನದಿಂದ ಪರದೆ ಏಳುವವರೆಗೆ ಯಾರೂ ತುಟಿ ಬಿಚ್ಚಿ ಮಾತಾಡಕೂಡದು ಎನ್ನುವುದು ಮೇಷ್ಟ್ರ ಕಾನೂನು. ಗುನುಗಬಹುದು, ಮಾತು ಬೇಡ, ಗಂಟಲು ಉಳಿಯಬೇಕಂತೆ. ಊರಲ್ಲಿ ಈ ಕಾನೂನು ಅತ್ತಿಗೆಗೂ ಇಷ್ಟವೇ. ವರ್ಷಕ್ಕೆರಡು ಸಲವಾದರೂ ಇವರೆಲ್ಲ ಬಾಯಿ ಮುಚ್ಚಿಕೊಂಡಿರುತ್ತಾರಲ್ಲ ಎಂದು ನಗುತ್ತಿದ್ದಳು. ಇವತ್ತು, ಕಂಡುಕೇಳರಿಯದ ದೇಶದಲ್ಲಿ, ಸ್ವಂತ ತಂಗಿಯ ಕುತ್ತಿಗೆಗೆ ಬಂದಿರುವಾಗ, ಅದೇ ಕಾನೂನು ಕಬ್ಬಿಣದ ಕಡಲೆಯಾಗಿ ಕೂತಿತ್ತು. ಅವಳಂತೂ ತನ್ನ ಪಾಲಿನ ಮೌನವನ್ನು ಆಗಲೇ ಮುರಿದಿದ್ದಳು.

ತಂಗಿಗೆ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ತಂಡದ ಮುಖ್ಯ ಗಾಯಕಿ ಅವಳೇ. ಈ ಸಭಾಂಗಣದ ಗಾಜಿನ ಕಪಾಟಿನಲ್ಲಿದ್ದ ಹಳೆಯ ಬೆಳ್ಳಿ ಗಂಟೆ ಬೆಳಿಗ್ಗೆ ಅಭ್ಯಾಸ ನಡೆಯುವಾಗ ಕಾಣೆಯಾಗಿ, ಆಮೇಲೆ ಗುಬ್ಬಿಯ ಉಡುಪಿನ ಚೀಲದಲ್ಲಿ ಸಿಕ್ಕಿತ್ತು.

ಸಭಾಂಗಣದ ಮ್ಯಾನೇಜರಮ್ಮ ಕೂಗಾಡಲಿಲ್ಲ. ತನ್ನ ಭಾಷೆಯಲ್ಲಿ ಫೋನಿಗೆ ಏನೋ ಹೇಳಿದಳು. ಫೋನು ಅದನ್ನು ಕನ್ನಡ ಮಾಡಿ ನಯವಾಗಿ ಒದರಿತು: "ನಿಮ್ಮ ಸಹೋದರಿಯು ಘಂಟೆಯನ್ನು ಅಪಹರಿಸಿದ್ದಾಳೆ. ಸಂಧ್ಯಾಕಾಲಕ್ಕೆ ಆರಕ್ಷಕರು ಆಗಮಿಸುವರು. ತಮ್ಮ ದಿನವು ಶುಭವಾಗಿರಲಿ."

ಊರಲ್ಲಿ ಗುಬ್ಬಿ ಮಾಡುವುದು ಶಿಶುವಿಹಾರದ ಕೆಲಸ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಅವಳ ಮಡಿಲಿಗೆ ಹಾಕಿ, ಹಿಂದೆ ತಿರುಗಿ ನೋಡದೆ ಬಸ್ಸು ಹತ್ತುತ್ತಾರೆ. ಪರದೇಶದಲ್ಲಿ ಕಳ್ಳತನದ ಕೇಸು ಬಿದ್ದವಳ ಮಡಿಲಿಗೆ ಯಾವ ತಾಯಿ ತನ್ನ ಮಗುವನ್ನು ಹಾಕುತ್ತಾಳೆ?

ಆರಕ್ಷಕರು ಆಗಮಿಸುವ ಮೊದಲು ಅತ್ತಿಗೆ ಕಳ್ಳರನ್ನು ಹಿಡಿಯಬೇಕಿತ್ತು. ಸಿಕ್ಕ ಸಾಕ್ಷಿಗಳೋ, ಒಬ್ಬೊಬ್ಬರೂ ಮೂಗ ಬಸವಣ್ಣಂದಿರು.

ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಕೂತು ಅತ್ತಿಗೆಯ ಅರ್ಧ ಆಯಸ್ಸು ಸವೆದಿತ್ತು. ಮೀಟರಿಗೆ ಕೈ ಹಾಕಿದವನು ಕಿಂಡಿಯ ಮುಂದೆ ನಿಂತು ಬಾಯಿ ತೆರೆದರೆ ಸಾಕು, ಎಲ್ಲಿ ಸುಳ್ಳು ಶುರುವಾಯಿತು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಸುಳ್ಳು ಹೇಳುವವರಿಗೆ ಮಾತು ಜಾಸ್ತಿ. ಆದರೆ ಮಾತೇ ಆಡದವರ ಸುಳ್ಳನ್ನು ಎಲ್ಲಿಂದ ಹಿಡಿಯುವುದು?

"ನೀನು ಹೇಳು," ಎಂದು ಅವಳು ಬ್ಯಾಂಕಿನವಳ ಮುಂದೆ ನಿಂತಳು. ಗುಬ್ಬಿಗೆ ಆಗದಿದ್ದರೆ ಇವಳು ಹಾಡಬೇಕೆಂದು ಮೊದಲೇ ಗೊತ್ತುಮಾಡಿತ್ತು. "ಗುಬ್ಬಿ ಹಾಡದಿದ್ರೆ ನಿಂಗೆ ಲಾಭ ತಾನೇ?"

"ಹೂಂ," ಎಂದಳು ಬ್ಯಾಂಕಿನವಳು, ಒಂದಿಷ್ಟೂ ಅಳುಕದೆ.

"ಗಂಟೆ ನೀನು ಮುಟ್ಟಿದ್ಯಾ?"

"ಉಹೂಂ." ಜೊತೆಗೆ ಕಣ್ಣುಗುಡ್ಡೆ ಮೇಲೆ ಹೋಯಿತು. ಅಭ್ಯಾಸ ಮುಗಿಯುವವರೆಗೆ ನಿನ್ನ ಪಕ್ಕದಲ್ಲೇ ನಿಂತು ನಿನ್ನ ಮೊಣಕೈ ತಿವಿತ ತಿಂದವಳು ನಾನಲ್ವೇನೇ ಎಂದು ಆ ಗುಡ್ಡೆಗಳು ಬೈದವು.

ಅದೂ ನಿಜವೇ. ಅಭ್ಯಾಸ ಬಿಟ್ಟು ನಡುವೆ ಹೊರಗೆ ಹೋದವಳು ಗುಬ್ಬಿ ಒಬ್ಬಳೇ. ಯಾಕೆ ಹೋದಳು ಎನ್ನುವುದು ಅತ್ತಿಗೆಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಗುಬ್ಬಿಗೆ ಮೂಗು ಕಟ್ಟಿತ್ತು. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಬಿಸಿನೀರಿನ ಪಾತ್ರೆಯ ಮುಂದೆ ತಲೆಗೆ ಟವೆಲು ಹೊದೆಸಿ ಕೂರಿಸಿದವಳು ಅತ್ತಿಗೆಯೇ. "ಎಲ್ಲಿ, ಗುನುಗು ನೋಡೋಣ," ಎಂದರೆ ಗುಬ್ಬಿ ತುಟಿ ಮುಚ್ಚಿದಳು, ಮುಖ ಕೆಂಪಗಾಯಿತು, ದನಿ ಬರಲಿಲ್ಲ. ಆಮೇಲೆ ಬಾಯಿ ಪಕ್ಕನೆ ತೆರೆದುಕೊಂಡಿತು. "ಅಕ್ಕ, ಬಾಯಿ ತೆರ್‍ದು ಹಾಡೋದು ಹೇಗೋ ಆಗತ್ತೆ. ಮೇಷ್ಟ್ರಿಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ನನ್ನ ಹಾಡು ಬ್ಯಾಂಕಿನವಳಿಗೆ ಹೋಗತ್ತೆ. ನನ್ನಾಣೆ." ಅದಕ್ಕೇ ಅಭ್ಯಾಸದ ನಡುವೆ ಮೂಗು ಸೀಟಲು ಎದ್ದು ಹೋಗಿದ್ದಳು. ಮಧ್ಯಾಹ್ನ ಮ್ಯಾನೇಜರಮ್ಮ ಕೈ ಹಿಡಿದು ಕರೆದುಕೊಂಡು ಹೋಗುವಾಗಲೂ ಪಾಪದ ಹುಡುಗಿ ಬಾಯಲ್ಲೇ ಉಸಿರಾಡುತ್ತಿದ್ದಳು.

ಅತ್ತಿಗೆ ಕೈಯಲ್ಲಿದ್ದ ದಾರದ ತುಂಡನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಗಂಟೆ ಸದ್ದು ಮಾಡದಂತೆ ಅದರ ನಾಲಗೆಗೆ ಕಟ್ಟಿದ್ದ ದಾರ ಇದು. ತೆಳ್ಳಗೆ, ಮೇಣ ಸವರಿದ್ದು, ಪುದೀನದ ವಾಸನೆ. ಹಲ್ಲಿನ ಸಂದು ಶುಚಿ ಮಾಡುವ ದಾರ. ಮೊದಲು ನೋಡಿದಾಗ ಅವಳಿಗೆ ಎದೆ ಹಾರಿತ್ತು. ತಂಡದಲ್ಲಿ ಹಲ್ಲಿನ ಡಾಕ್ಟರೊಬ್ಬರು ಇದ್ದರಲ್ಲ! ಆಮೇಲೆ ನೆನಪಾಯಿತು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಡಾಕ್ಟರು ಇಡೀ ತಂಡಕ್ಕೆ ಒಂದೊಂದು ಡಬ್ಬಿ ಹಂಚಿ, "ಹಾಡೋಕೆ ಬಾಯಿ ತೆರೀತೀರಿ, ನನ್ನ ಮಾನ ಕಳೀಬೇಡಿ," ಎಂದಿದ್ದರು. ಈಗ ಅದೇ ದಾರ ಪ್ರತಿಯೊಬ್ಬರ ಕೈಚೀಲದಲ್ಲೂ ಇತ್ತು, ಅತ್ತಿಗೆಯ ಕೈಚೀಲದಲ್ಲೂ.

ಹೋಗಲಿ ಅಂದರೆ ಒಂದು ಎಳೆಯೂ ನೇರವಾಗಿ ಬರುವುದಿಲ್ಲವಲ್ಲ! ಎಳೆದಷ್ಟೂ ಗಂಟು.

ಅವಳು ಗೋಡೆಯ ಕೊಕ್ಕೆಗಳ ಸಾಲಿನ ಮುಂದೆ ಬಂದು ನಿಂತಳು. ಕರಿಯ ಚೀಲಗಳು ಒಂದೇ ಅಳತೆ, ಒಂದೇ ಬಣ್ಣ. ಹೆಸರಿನ ಚೀಟಿಗಳು ವಿಮಾನದ ಹೊಟ್ಟೆಯಲ್ಲೇ ಉದುರಿಹೋಗಿದ್ದವು. ಯಾರ ಚೀಲ ಯಾವುದು ಎನ್ನಲು ಕೊಕ್ಕೆಯೇ ಗುರುತು. ವೇದಿಕೆಗೆ ಯಾವ ಸಾಲಿನಲ್ಲಿ ಹೋಗುತ್ತೇವೋ ಆ ಸಾಲಿನಲ್ಲೇ ಚೀಲ ನೇತುಹಾಕಬೇಕು. ಅದೂ ಮೇಷ್ಟ್ರ ಕಾನೂನೇ. ಬಾಗಿಲ ಪಕ್ಕದ ಮೊದಲ ಕೊಕ್ಕೆ ಯಾವಾಗಲೂ ಮೇಷ್ಟ್ರದ್ದು. ಊರಲ್ಲಾದರೂ ಅಷ್ಟೆ, ಪಕ್ಕದೂರಲ್ಲಾದರೂ ಅಷ್ಟೆ.

ಗುಬ್ಬಿಯ ಚೀಲ ಈಗ ಮೊದಲ ಕೊಕ್ಕೆಯಲ್ಲಿತ್ತು.

ಅತ್ತಿಗೆಯ ಬೆರಳಲ್ಲಿ ದಾರ ನಿಂತಿತು.

ಇಲ್ಲಿನ ವೇದಿಕೆಗೆ ಬಾಗಿಲು ತಿರುವುಮುರುವು. ಮುಖ್ಯ ಗಾಯಕಿಯೇ ಮುಂದೆ ನಡೆಯಬೇಕು, ಮೇಷ್ಟ್ರು ಕೊನೆಗೆ ಬರಬೇಕು. ಅದಕ್ಕೇ ಇವತ್ತು ಬೆಳಿಗ್ಗೆ ಅಭ್ಯಾಸಕ್ಕೆ ಮೊದಲು ಮೇಷ್ಟ್ರು ಚಪ್ಪಾಳೆ ತಟ್ಟಿ, "ಎಲ್ರೂ ನಿಮ್ಮ ನಿಮ್ಮ ಚೀಲ ಬದಲಾಯ್ಸಿ! ಮೊದಲ್ನೇದು ಗುಬ್ಬಿ, ಕೊನೇದು ನಾನು!" ಎಂದಿದ್ದರು. ಗೊಣಗುತ್ತಾ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಬದಲಾಯಿಸಿದ್ದರು. ಆಮೇಲೆ ವೇದಿಕೆಗೆ ಹೋಗುವಾಗ ಗಂಟೆ ಕಪಾಟಿನಲ್ಲೇ ಇತ್ತು. ಅದರ ಗಾಜಿನಲ್ಲೇ ಅತ್ತಿಗೆ ತನ್ನ ಮುಂಗುರುಳು ಸರಿಮಾಡಿಕೊಂಡಿದ್ದಳು.

ಅಂದರೆ ಗಂಟೆ ಇಟ್ಟಿದ್ದು ಕೊಕ್ಕೆ ಬದಲಾದ ಮೇಲೆ. ಇಟ್ಟವರಿಗೆ ಅದು ಗುಬ್ಬಿಯ ಚೀಲ ಎಂದೇ ಗೊತ್ತಿರಲಿಲ್ಲವೋ ಏನೋ! ಅವರ ಲೆಕ್ಕದಲ್ಲಿ ಮೊದಲ ಕೊಕ್ಕೆ ಎಂದರೆ ಮೇಷ್ಟ್ರು.

ಬೆಳಿಗ್ಗೆ ಅಭ್ಯಾಸಕ್ಕೆ ಬಾರದವರು ಯಾರು?

ಅವಳು ಮೆಲ್ಲಗೆ ತಿರುಗಿದಳು. ಕೋಣೆಯ ಮೂಲೆಯಲ್ಲಿ, ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು, ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡು ಹಲ್ಲಿನ ಡಾಕ್ಟರು ಕೂತಿದ್ದರು. ಶೀತ ಎಂದು ಬೆಳಗ್ಗೆಯೆಲ್ಲ ಎದುರಿನ ವಸತಿಗೃಹದಲ್ಲಿ ಮಲಗಿದ್ದವರು.

"ಡಾಕ್ಟ್ರೇ, ಸ್ವಲ್ಪ ಈ ಕಡೆ ಬನ್ನಿ."

ಪಕ್ಕದಲ್ಲಿ ಪಾತ್ರೆ ತೊಳೆಯುವ ಸಣ್ಣ ಕೋಣೆ. ಒಂದು ತೊಟ್ಟಿ, ಸದಾ ತೊಟ್ಟಿಕ್ಕುವ ನಲ್ಲಿ, ಕಪಾಟಿನ ಮೇಲೆ ತೊಳೆದು ಬೋರಲು ಹಾಕಿದ ಗಾಜಿನ ಲೋಟಗಳು. ಅತ್ತಿಗೆ ಬಾಗಿಲು ಮುಚ್ಚಿದಳು. ಅಭ್ಯಾಸಬಲದಿಂದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಅದೂ ಅವಳ ಮಾತು ಕೇಳಲಿಲ್ಲ.

"ಬೆಳಿಗ್ಗೆ ರೂಮಲ್ಲೇ ಮಲಗಿದ್ರಾ?"

"ಹೂಂ," ಎಂದರು ಡಾಕ್ಟರು, ದುಃಖದಿಂದ.

"ಈಗ್ಲೂ ಶೀತ ಹಾಗೇ ಇದೆಯಾ?"

"ಹೂಂ."

"ಮೂಗು ಪೂರ್ತಿ ಕಟ್ಟಿದೆಯಾ?"

"ಹೂಂ—"

ಈ ಮೂರನೆಯದು ಚೆನ್ನಾಗಿ ಬಂತು. ಕೆಳಗಿನ ದನಿಯ ಗಂಡಸರಲ್ಲಿ ಡಾಕ್ಟರದ್ದೇ ಎತ್ತಿದ ಕೈ. ಆ ಸಣ್ಣ ಕೋಣೆಯಲ್ಲಿ ಅವರ ದನಿ ಗೋಡೆಯಿಂದ ಗೋಡೆಗೆ ತುಂಬಿ, ಕಪಾಟಿನ ಮೇಲಿನ ಲೋಟಗಳು ಸಣ್ಣಗೆ ಝಿಂ ಎಂದವು.

ಅತ್ತಿಗೆ ಲೋಟಗಳನ್ನು ನೋಡಿದಳು. ಆಮೇಲೆ ಡಾಕ್ಟರ ಮೂಗನ್ನು ನೋಡಿದಳು.

"ಇನ್ನೊಂದ್ಸಲ ಅನ್ನಿ."

ಡಾಕ್ಟರು ಅನ್ನಲಿಲ್ಲ. ಬಾಯಿಯ ಒಳಗನ್ನೇ ಓದಿಕೊಂಡ ಮನುಷ್ಯ. ಅತ್ತಿಗೆ ಬಾಯಿಬಿಟ್ಟು ಹೇಳುವ ಮೊದಲೇ ಅವರಿಗೆ ತಿಳಿದುಹೋಗಿತ್ತು. ಕರವಸ್ತ್ರ ಮೆಲ್ಲಗೆ ಕೆಳಗಿಳಿಯಿತು.

"ಬಾಯಿ ಮುಚ್ಚಿ ಹೂಂ ಅನ್ಬೇಕಾದ್ರೆ ಉಸಿರು ಮೂಗಿಂದ ತಾನೇ ಹೋಗ್ಬೇಕು? ಮೂಗು ಕಟ್ಟಿದವ್ರಿಗೆ ಹೂಂ ಅನ್ನೋಕೆ ಬರಲ್ಲ ಡಾಕ್ಟ್ರೇ. ಇವತ್ತು ಬೆಳಿಗ್ಗೇನೇ ಕಣ್ಣಾರೆ ನೋಡಿದೀನಿ. ನಿಮ್ಮ ಮೂಗಲ್ಲಿ ಲಾರಿ ಓಡಾಡೋ ಅಷ್ಟು ಜಾಗ ಇದೆ."

ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು, ಮೌನ, ಮೌನ ಎಂದು ಸನ್ನೆ ಮಾಡಿದರು.

"ಮೌನಾನ ತೊಟ್ಟಿಗೆ ಹಾಕಿ!" ಅತ್ತಿಗೆಗೆ ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಉಕ್ಕಿತು. "ಅಲ್ಲಿ ನನ್ನ ತಂಗೀನ ಕಳ್ಳಿ ಅಂತ ಕೂಡಿಹಾಕಿದಾರೆ. ಅಮ್ಮ ಹೋದಾಗ ಅವಳಿಗೆ ಜಡೆ ಹಾಕ್ಕೊಳೋಕೂ ಬರ್ತಿರ್ಲಿಲ್ಲ, ನಾನು ಸಾಕಿದ ಮಗು ಅದು. ನೀವಿಲ್ಲಿ ಗಂಟಲು ಕಾಪಾಡ್ಕೊಂಡು ಕೂತಿದೀರಾ? ಮಾತಾಡ್ರೀ!"

"ನಾ... ನಾನು ಕದ್ದಿಲ್ಲ ಅತ್ತಿಗೆ," ಎಂದರು ಡಾಕ್ಟರು. ಹಿರಿಯರಾದ ಅವರೂ ಅವಳನ್ನು ಕರೆಯುತ್ತಿದ್ದುದು ಅತ್ತಿಗೆ ಎಂದೇ. ಮೇಷ್ಟ್ರು ಅವಳ ಗಂಡನ ತಮ್ಮ. ಮೇಷ್ಟ್ರು ಕರೆದ ಹಾಗೆ ಊರೆಲ್ಲ ಕರೆಯುತ್ತಿತ್ತು. "ತೆಗೆದಿದ್ದು ನಾನೇ. ಆದ್ರೆ ಕದ್ದಿಲ್ಲ."

"ಅದೆಂಥ ಒಗಟು?"

"ತೆಗೆದಿಡೋಕೆ ಹೇಳಿದ್ರು. ನಿನ್ನೆ ನನ್ನ ಪಕ್ಕಕ್ಕೆ ಕರ್‍ದು, ನಾಳೆ ಶೀತ ಅಂತ ಹೇಳಿ ಅಭ್ಯಾಸಕ್ಕೆ ಬರ್ಬೇಡಿ, ಎಲ್ರೂ ಹಾಡ್ತಿರೋವಾಗ ಹಿಂಬಾಗ್ಲಿಂದ ಬಂದು ಗಂಟೆ ತೆಗ್ದು ನನ್ನ ಚೀಲಕ್ಕೆ ಹಾಕಿಡಿ ಅಂದ್ರು. ಇಲ್ಲಿಯವರ ಒಪ್ಪಿಗೆ ಇದೆ, ಸಂಜೆ ಪರದೆ ಎದ್ದ ಕೂಡ್ಲೇ ಜೇಬಿಂದ ತೆಗ್ದು ಬಾರಿಸಿ ಎಲ್ರನ್ನೂ ದಂಗುಬಡಿಸ್ತೀನಿ, ಯಾರಿಗೂ ಹೇಳ್ಬೇಡಿ ಅಂತ. ಗುಟ್ಟಿನ ಕೆಲ್ಸ ನನಗೊಬ್ನಿಗೇ ಕೊಟ್ರಲ್ಲ ಅಂತ ಉಬ್ಬಿಹೋದೆ. ಸದ್ದಾಗ್ಬಾರ್ದು ಅಂತ ದಾರಾನೂ ಕಟ್ಟಿದೆ. ಮೊದಲ ಕೊಕ್ಕೆ ಚೀಲಕ್ಕೇ ಹಾಕ್ದೆ. ಮೊದಲ ಕೊಕ್ಕೆ ಯಾವಾಗ್ಲೂ ಅವರದ್ದೇ ಅಲ್ವಾ!"

ನಲ್ಲಿ ತೊಟ್ಟಿಕ್ಕಿತು.

ಯಾರು ಎಂದು ಅತ್ತಿಗೆ ಕೇಳಲಿಲ್ಲ. ಕೇಳದಿದ್ದರೆ ಉತ್ತರ ಬರುವುದಿಲ್ಲವೇನೋ ಎಂದು ನಲ್ಲಿಯನ್ನು ಮತ್ತೊಮ್ಮೆ ತಿರುಗಿಸಿದಳು.

"ಮೇಷ್ಟ್ರು," ಎಂದರು ಡಾಕ್ಟರು.

ಮೇಷ್ಟ್ರೇ ಗಂಟೆ ತೆಗೆದಿಡಲು ಹೇಳಿ, ಮೇಷ್ಟ್ರೇ ಬೆಳಿಗ್ಗೆ ಕೊಕ್ಕೆ ಬದಲಾಯಿಸಿದರು. ಗಂಟೆ ಗುಬ್ಬಿಯ ಚೀಲದಲ್ಲಿ ಸಿಕ್ಕಾಗ, "ಅಯ್ಯೋ, ನನ್ನದು ತಪ್ಪಾಯ್ತು" ಎನ್ನಬೇಕಾದವರು ಗರಬಡಿದ ಹಾಗೆ ನಿಂತಿದ್ದರು.

"ಅಷ್ಟು ಹೊತ್ತಿಂದ ಯಾಕ್ರೀ ಬಾಯಿ ಮುಚ್ಕೊಂಡಿದ್ರಿ?"

"ಮೇಷ್ಟ್ರೇ ಹೇಳ್ತಾರೆ ಅಂತ ಕಾದೆ. ಅವ್ರು ಹೇಳ್ಲಿಲ್ಲ. ಆಮೇಲೆ ಹೆದ್ರಿಕೆ ಆಯ್ತು. ಮೌನದ ಹೊತ್ತು ಬಂತು... ಅನುಕೂಲ ಆಯ್ತು."

ಕೋಪ ಬರಬೇಕಿತ್ತು. ಅದರ ಬದಲು ಅತ್ತಿಗೆಗೆ ಹಳೆಯದೆಲ್ಲ ನೆನಪಾಯಿತು. ಅವಳು ಮದುವೆಯಾಗಿ ಬಂದಾಗ ಈ ಮೈದುನ ಪುಟ್ಟ ಹುಡುಗ. ಶಾಲೆಗೆ ಹೊರಡುವಾಗ ತಲೆ ಬಾಚಿಸಿಕೊಳ್ಳಲು ಅವಳ ಮುಂದೆಯೇ ಬಂದು ಕೂರುತ್ತಿದ್ದ. ಮೊದಲ ಹಾಡು ಕಲಿತದ್ದು ಅವಳ ಅಡುಗೆಮನೆಯ ಹೊಸ್ತಿಲ ಮೇಲೆ. ಈ ಕಡೆ ತವರಿನ ಕೂಸು, ಆ ಕಡೆ ಗಂಡನ ಮನೆಯ ಕೂಸು. ಎರಡಕ್ಕೂ ಉಣ್ಣಿಸಿದ ಕೈ ಒಂದೇ.

"ನಡೀರಿ," ಎಂದಳು. "ಈಗ ನಂಗೆ ಹೇಳಿದ್ದನ್ನ ಅಲ್ಲಿ ಹೇಳಿ. ಒಂದಕ್ಷರ ನುಂಗಿದ್ರೆ ನಿಮ್ಮ ಹಲ್ಲು ನಾನು ಕೀಳ್ತೀನಿ."

ಮ್ಯಾನೇಜರಮ್ಮನ ಕೋಣೆ ಓಣಿಯ ಕೊನೆಗೆ. ಅದರ ಒಳಗೆ ಇನ್ನೊಂದು ಬಾಗಿಲು, ವಾದ್ಯಗಳನ್ನಿಡುವ ಉಗ್ರಾಣ. ಗುಬ್ಬಿಯನ್ನು ಕೂರಿಸಿದ್ದು ಅಲ್ಲಿ. ತಾನು ಹೋಗಿ ಮ್ಯಾನೇಜರಮ್ಮನ ಮನಸ್ಸು ಕರಗಿಸುತ್ತೇನೆ ಎಂದು ಮೇಷ್ಟ್ರು ಆಗಲೇ ಹೋಗಿದ್ದರು. ಅತ್ತಿಗೆ ಬಾಗಿಲು ತಳ್ಳುವುದಕ್ಕೂ ಮೇಷ್ಟ್ರು ಒಳಗಿನಿಂದ ಎಳೆಯುವುದಕ್ಕೂ ಸರಿಹೋಯಿತು.

ಮೇಷ್ಟ್ರ ಮುಖ ಇಳಿದಿತ್ತು. ತಮ್ಮ ಕಾನೂನನ್ನು ತಾವೇ ಮುರಿದು ಮಾತಾಡಿದರು.

"ಅತ್ತಿಗೆ, ಅವಳು ಒಪ್ಕೊಂಡ್ಲು."

"ಯಾರು?"

"ಗುಬ್ಬಿ. ಬಾಗಿಲ ಹೊರಗೆ ನಿಂತು ನಾನೇ ಕೇಳ್ದೆ. ಗಂಟೆ ನೀನೇ ತೆಗೆದ್ಯಾ ಅಂದೆ. ಮೌನ ಮುರೀಲಿಲ್ಲ ಪಾಪ. ಒಳಗಿಂದ ಹೂಂ ಅಂದ್ಲು. ಇವ್ರೂ ಕೇಳಿಸ್ಕೊಂಡ್ರು."

ಮೇಜಿನ ಹಿಂದೆ ಮ್ಯಾನೇಜರಮ್ಮ ತಲೆಯಾಡಿಸಿ ಫೋನು ಎತ್ತಿ ಹಿಡಿದಳು. "ಗುನುಗಿನ ಮೂಲಕ ತಪ್ಪೊಪ್ಪಿಗೆಯು ಲಭಿಸಿದೆ," ಎಂದಿತು ಅದು.

ಗುಬ್ಬಿ ಹೂಂ ಅಂದಳೇ? ಮೂಗು ಕಟ್ಟಿದ ಗುಬ್ಬಿ?

ಅವಳು ಮೈದುನನ ಗಂಟಲನ್ನು ನೋಡಿದಳು. ಹೆಂಗಸರ ಸಾಲು ತಪ್ಪಿದಾಗಲೆಲ್ಲ ಸಣ್ಣ ದನಿ ತೆಗೆದು, ಹೆಂಗಸರಿಗಿಂತ ಚೆನ್ನಾಗಿ ಹಾಡಿ ತೋರಿಸುವ ಗಂಟಲು. ಬಾಗಿಲಿಗೆ ಮುಖ ಮಾಡಿ, ತುಟಿ ಮುಚ್ಚಿ, ಆ ದನಿಯಲ್ಲಿ ಒಂದು ಹೂಂ ಅಂದರೆ ಹಿಂದೆ ಕೂತವರಿಗೆ ಏನು ಗೊತ್ತಾಗುತ್ತದೆ?

"ನೀನು ಇಷ್ಟು ಕೆಳಗೆ ಇಳೀತೀಯ ಅಂತ ಅಂದ್ಕೊಂಡಿರ್ಲಿಲ್ಲ ಕಣೋ," ಎಂದಳು, ಮೆಲ್ಲಗೆ.

"ಅತ್ತಿಗೆ, ನೀವು ಅಂದ್ಕೊಂಡ ಹಾಗಲ್ಲ—"

"ಡಾಕ್ಟ್ರು ಎಲ್ಲಾ ಹೇಳಿದಾರೆ."

ಮೇಷ್ಟ್ರು ಡಾಕ್ಟರನ್ನು ನೋಡಿದರು. ಅವರ ಮುಖದಲ್ಲಿ ಸಿಕ್ಕಿಬಿದ್ದವರ ಬಿಳುಪು ಬರುತ್ತದೆ ಎಂದು ಅತ್ತಿಗೆ ಕಾದಳು. ಬಂದದ್ದು ಬೇರೆ ಏನೋ. ದಣಿವಿನ ಹಾಗೆ ಕಂಡಿತು.

"ಬೇಡ ಅತ್ತಿಗೆ," ಎಂದರು. "ಆ ಬಾಗಿಲು ತೆಗೆಸ್ಬೇಡಿ. ನನ್ನ ಮಾತು ಕೇಳಿ. ಒಂದೇ ಒಂದ್ಸಲ."

ಅವಳು ಕೇಳಲಿಲ್ಲ. ಫೋನಿನ ಹತ್ತಿರ ಬಾಗಿ, ಕೌಂಟರಿನಲ್ಲಿ ಮಾತಾಡುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು: "ನನ್ನ ತಂಗಿಗೆ ಶೀತ. ಮೂಗು ಕಟ್ಟಿದೆ. ಬಾಯಿ ಮುಚ್ಚಿ ಗುನುಗೋಕೆ ಅವಳ ಕೈಲಿ ಆಗಲ್ಲ. ನೀವು ಕೇಳಿದ ದನಿ ಅವಳದ್ದಲ್ಲ. ಬಾಗಿಲು ತೆಗೀರಿ. ನಿಮ್ಮ ಎದುರಿಗೇ ತೋರಿಸ್ತೀನಿ."

ಫೋನು ಅದನ್ನೆಲ್ಲ ಆ ಭಾಷೆಗೆ ತಿರುಗಿಸಿತು. ಮ್ಯಾನೇಜರಮ್ಮ ಕನ್ನಡಕ ಸರಿಮಾಡಿಕೊಂಡು ಎದ್ದು, ಬೀಗದ ಕೈ ತಿರುಗಿಸಿದಳು.

ಗುಬ್ಬಿ ದೊಡ್ಡ ನಗಾರಿಯ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಕಣ್ಣು ಊದಿತ್ತು. ಅಕ್ಕನನ್ನು ಕಂಡು ಎದ್ದು ನಿಂತಳು.

"ಗುಬ್ಬೀ, ಹೆದರ್ಬೇಡ ಪುಟ್ಟ. ಮಾತಾಡ್ಬೇಡ. ಬಾಯಿ ಮುಚ್ಕೊಂಡು ಒಂದ್ಸಲ ಹೂಂ ಅನ್ನೋಕೆ ನೋಡು. ಆಗಲ್ಲ ಅಂತ ಗೊತ್ತು. ಇವ್ರಿಗೆ ತೋರ್ಸೋಕೆ ಅಷ್ಟೆ."

ಗುಬ್ಬಿ ಅಕ್ಕನನ್ನು ನೋಡಲಿಲ್ಲ. ಅಕ್ಕನ ಹೆಗಲಾಚೆ ನಿಂತಿದ್ದ ಮೇಷ್ಟ್ರನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು.

ಆಮೇಲೆ ತುಟಿ ಮುಚ್ಚಿದಳು.

"ಹೂಂ—"

ಆ ದನಿ ಉಗ್ರಾಣದ ತುಂಬ ಹರಡಿತು. ಎಲ್ಲೂ ತಡೆ ಇರಲಿಲ್ಲ, ಬಿರುಕಿರಲಿಲ್ಲ. ಜೇನು ಸುರಿದಷ್ಟು ನಯವಾಗಿತ್ತು. ಪೆಟ್ಟಿಗೆಯಾಚೆ ತೆರೆದಿಟ್ಟಿದ್ದ ಇನ್ನೊಂದು ನಗಾರಿಯ ಚರ್ಮ ಅದಕ್ಕೆ ಸಣ್ಣಗೆ ಓಗೊಟ್ಟಿತು.

ಬಚ್ಚಲಿನ ಆವಿ, ತಲೆಯ ಮೇಲಿನ ಟವೆಲು, ಕೆಂಪಗಾದ ಮುಖ, ನನ್ನಾಣೆ ಎಂದು ಕೈ ಹಿಡಿದದ್ದು, ಮಧ್ಯಾಹ್ನ ಬಾಯಿ ತೆರೆದು ಉಸಿರಾಡಿದ್ದು... ಅತ್ತಿಗೆ ಒಂದೊಂದನ್ನೇ ಹಿಡಿದುಕೊಳ್ಳಲು ನೋಡಿದಳು. ಒಂದೊಂದೇ ಕೈಜಾರಿತು. ಶೀತವಿಲ್ಲದವಳು ಅಭ್ಯಾಸದ ನಡುವೆ ಹೊರಗೆ ಹೋಗಿದ್ದು ಯಾಕೆ? ಡಾಕ್ಟರು ಹಾಕಿಟ್ಟ ಗಂಟೆಯನ್ನು ನೋಡಿಕೊಳ್ಳಲೇ, ಇದನ್ನೆಲ್ಲ ಅವಳೂ ಮೈದುನನೂ ಸೇರಿಯೇ ಹೂಡಿದ್ದರೇ?

ಹಿಂದೆ ಡಾಕ್ಟರು ಮಫ್ಲರ್ ಬಿಚ್ಚಿ ಕೈಯಲ್ಲಿ ಮುದ್ದೆ ಮಾಡುತ್ತಾ ನೆಲ ನೋಡತೊಡಗಿದರು. ಈಗಷ್ಟೇ ಆ ಪಾಠ ಕಲಿತವರು ಅವರು.

"ಬೇಡ ಅಂದೆ," ಎಂದರು ಮೇಷ್ಟ್ರು, ಬಹಳ ಸಣ್ಣ ದನಿಯಲ್ಲಿ.

ಮ್ಯಾನೇಜರಮ್ಮ ಫೋನನ್ನು ಅತ್ತಿಗೆಯ ತುಟಿಯ ಹತ್ತಿರ ಹಿಡಿದಳು. ಅದರ ದೀಪ ಮಿಣುಕುತ್ತಿತ್ತು.

"ದಯವಿಟ್ಟು ಮಾತನಾಡಿರಿ," ಎಂದಿತು ಫೋನು. "ನಾನು ಆಲಿಸುತ್ತಿದ್ದೇನೆ."

ಮಧ್ಯಾಹ್ನದಿಂದ ತಂಡದಲ್ಲಿ ಎಡೆಬಿಡದೆ ಮಾತಾಡುತ್ತಿದ್ದವಳು ಅತ್ತಿಗೆ ಒಬ್ಬಳೇ. ಈಗ ಅವಳ ಬಾಯಿಂದ ಹೂಂ ಕೂಡ ಹೊರಡಲಿಲ್ಲ.